ಧ್ವನಿ, ಕಥನ ಮತ್ತು ಗಣನೆ: ಮೊಹಮ್ಮದ್ ರಫಿ ಅಭಿಮಾನದ ಸ್ವರೂಪ

1

'ಅಭಿಮಾನಿ' ಎಂಬ ಪದಕ್ಕೆ ಇಂದಿನ ಕನ್ನಡದಲ್ಲಿರುವ ಅರ್ಥವು ಗಮನಾರ್ಹವಾದ ಪಲ್ಲಟವೊಂದರ ಫಲ. ಸಂಸ್ಕೃತದಲ್ಲಿ ಅಭಿಮಾನವೆಂಬುದು ಪ್ರಧಾನವಾಗಿ ಅಹಂಭಾವವನ್ನು, ತಾನು ತನ್ನದು ಎಂಬ ಹಮ್ಮನ್ನು ಹೇಳುತ್ತದೆ. ಹಿಂದಿಯಲ್ಲಿಯೂ ಅದು ಹೆಮ್ಮೆ, ಗರ್ವಗಳ ಎಲ್ಲೆಯನ್ನು ದಾಟುವುದು ವಿರಳ. ಕಲಾವಿದನನ್ನು ಮೆಚ್ಚುವವನಿಗೆ ಅಲ್ಲಿ ಪ್ರಶಂಸಕ, ದೀವಾನಾ, ಚಾಹನೇವಾಲಾ ಎಂಬ ಬೇರೆ ಮಾತುಗಳಿವೆ. ಕನ್ನಡವಾದರೋ, ತೆಲುಗಿನಂತೆ, ಇದೇ ಪದವನ್ನು ಪರರ ಮೇಲಿನ ಪ್ರೀತಿಗೆ ಒಗ್ಗಿಸಿಕೊಂಡಿತು. ಡಾ. ರಾಜ್‌ಕುಮಾರ್ ಅವರು ತಮ್ಮ ಪ್ರೇಕ್ಷಕರನ್ನು 'ಅಭಿಮಾನಿ ದೇವರುಗಳು' ಎಂದು ಕರೆದಾಗ ಆರಾಧಕ ಮತ್ತು ಆರಾಧ್ಯರ ಸ್ಥಾನಗಳೇ ಅದಲುಬದಲಾದವು. ಆದರೂ ಪದದ ಹಳೆಯ ಅರ್ಥ ಪೂರ್ತಿಯಾಗಿ ಅಳಿದಿಲ್ಲ. ಅಭಿಮಾನಿಯ ಮೆಚ್ಚುಗೆಯೊಳಗೆ ತನ್ನತನದ ಪಾಲೊಂದು ಸದಾ ಇರುತ್ತದೆ. ಮೆಚ್ಚಿದ ವಸ್ತುವಿನ ಹಿರಿಮೆ ಮೆಚ್ಚಿದವನ ಹಿರಿಮೆಯೂ ಆಗುತ್ತದೆ. ನಮ್ಮ ಕಾವ್ಯಮೀಮಾಂಸೆಯ ಸಹೃದಯನು ರಸಾನುಭವದ ಕ್ಷಣದಲ್ಲಿ ಸ್ವ–ಪರ ಭೇದವನ್ನು ಕಳೆದುಕೊಳ್ಳುವವನು. ಅಭಿಮಾನಿ ಅದನ್ನು ಕಳೆದುಕೊಳ್ಳಲು ಒಪ್ಪುವುದಿಲ್ಲ. ಬಹುಶಃ ಈ ಕಾರಣದಿಂದಲೇ ವಿದ್ವತ್ ವಲಯವು ಅವನನ್ನು ಬಹುಕಾಲ ಕೆಳದರ್ಜೆಯ ರಸಿಕನೆಂದು ಬದಿಗಿರಿಸಿತು.

ಹಿಂದಿ ಚಲನಚಿತ್ರದ ಹಿನ್ನೆಲೆ ಗಾಯಕ ಮೊಹಮ್ಮದ್ ರಫಿ (1924–1980) ಅವರ ಸುತ್ತ ಬೆಳೆದಿರುವ ಅಭಿಮಾನವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಅಭಿಮಾನವು ಮುಖ್ಯವಾಗಿ ಎರಡು ಬಗೆಯ ಪಠ್ಯಗಳನ್ನು ಸೃಷ್ಟಿಸಿದೆ. ಒಂದು, ಗಾಯಕನನ್ನು ಸಂತನನ್ನಾಗಿಸುವ ಕಥನ. ಇನ್ನೊಂದು, ಹಾಡುಗಳನ್ನು ಒಂದೊಂದಾಗಿ ಹುಡುಕಿ ದಾಖಲಿಸುವ ಸೂಚಿ. ಮೊದಲನೆಯದು ಗಾಯಕನ ದುಡಿಮೆಯನ್ನು ಮರೆಮಾಡುತ್ತದೆ; ಎರಡನೆಯದು ಅದನ್ನು ಬೆಳಕಿಗೆ ತರುತ್ತದೆ. ಎರಡೂ ಒಂದೇ ಮನೋಧರ್ಮದಿಂದ ಹುಟ್ಟಿದವು ಎಂಬುದೇ ಇಲ್ಲಿನ ತೊಡಕು.

2

ಹಿನ್ನೆಲೆ ಗಾಯಕನಿಗೆ ಅಭಿಮಾನಿಗಳಿರುವುದು ಸಹಜವೆಂದು ಇಂದು ತೋರಬಹುದು. ಆರಂಭದಲ್ಲಿ ಅದು ಹಾಗಿರಲಿಲ್ಲ. ತೆರೆಯ ಮೇಲೆ ತುಟಿಯಾಡಿಸುವ ದೇಹ ಒಬ್ಬರದು, ಕೇಳುವ ಧ್ವನಿ ಇನ್ನೊಬ್ಬರದು. ಆ ಇನ್ನೊಬ್ಬರ ಹೆಸರನ್ನು ಹೇಳುವ ಅಗತ್ಯ ಉದ್ಯಮಕ್ಕೆ ಕಂಡಿರಲಿಲ್ಲ. 1949ರ 'ಮಹಲ್' ಚಿತ್ರದ ಪ್ರಸಿದ್ಧ ಹಾಡಿನ ಗ್ರಾಮಫೋನ್ ತಟ್ಟೆಯ ಮೇಲೆ ಗಾಯಕಿಯ ಹೆಸರಾಗಿ ಅಚ್ಚಾಗಿದ್ದುದು ಲತಾ ಮಂಗೇಶ್ಕರ್ ಎಂದಲ್ಲ, ಕಾಮಿನಿ ಎಂದು. ಅದು ಚಿತ್ರದಲ್ಲಿ ಮಧುಬಾಲಾ ವಹಿಸಿದ ಪಾತ್ರದ ಹೆಸರು. ಹಾಡಿದವರು ಯಾರೆಂದು ಕೇಳಿ ಶ್ರೋತೃಗಳು ರೇಡಿಯೊಕ್ಕೆ ಪತ್ರ ಬರೆದರು. ಆನಂತರ ಹೆಸರು ಪ್ರಸಾರವಾಯಿತು. ಹಿನ್ನೆಲೆ ಗಾಯನದ ಚರಿತ್ರೆಯಲ್ಲಿ ಅಭಿಮಾನದ ಮೊದಲ ಕ್ರಿಯೆ ಸ್ತುತಿಯಾಗಿರಲಿಲ್ಲ, ಹೆಸರಿನ ಬೇಡಿಕೆಯಾಗಿತ್ತು ಎಂಬುದನ್ನು ಇಲ್ಲಿ ಗುರುತಿಸಬೇಕು.

ಹೆಸರು ದೊರೆತ ಮೇಲೆ ಅದನ್ನು ಮನೆಮನೆಗೆ ಮುಟ್ಟಿಸಿದ್ದು ಒಂದು ನಿಷೇಧ. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರು ಶಾಸ್ತ್ರೀಯ ಸಂಗೀತದ ಪರವಾಗಿದ್ದವರು. ಅವರ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತೆಗಳು ಬಹುಮಟ್ಟಿಗೆ ಮರೆಯಾದವು. ಶ್ರೋತೃಗಳು ಮುಳ್ಳನ್ನು ಕೊಲಂಬೊ ಕಡೆಗೆ ತಿರುಗಿಸಿದರು. ಅದೇ ವರ್ಷದ ಕೊನೆಯಲ್ಲಿ ರೇಡಿಯೊ ಸಿಲೋನ್‌ನಿಂದ ಅಮೀನ್ ಸಯಾನಿ ಅವರ 'ಬಿನಾಕಾ ಗೀತ್‌ಮಾಲಾ' ಆರಂಭವಾಯಿತು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿದ್ದು, ಸರ್ಕಾರವು ತಾನೇ ಹೊರಹಾಕಿದ ಹಾಡನ್ನು ಮರಳಿ ಕರೆದುಕೊಂಡ ಪ್ರಸಂಗ. ರಫಿ ಅವರ ಏಳಿಗೆಯ ವರ್ಷಗಳೂ ಇವೇ ಆಗಿವೆ: ನೌಷಾದ್ ಸಂಗೀತದ 'ಬೈಜು ಬಾವ್ರಾ' ಬಿಡುಗಡೆಯಾದುದು 1952ರಲ್ಲಿ.

ರೇಡಿಯೊದ ಕೋರಿಕೆ ಕಾರ್ಯಕ್ರಮಗಳಲ್ಲಿ ಚಿತ್ರದ ಹೆಸರು, ಗಾಯಕ, ಗೀತಕಾರ, ಸಂಗೀತ ನಿರ್ದೇಶಕರ ಹೆಸರುಗಳ ಜೊತೆಗೆ ಹಾಡನ್ನು ಬಯಸಿದವರ ಹೆಸರುಗಳೂ ಊರುಗಳೂ ಪ್ರಸಾರವಾಗುತ್ತಿದ್ದವು. ಅಭ್ರಕದ ಗಣಿಗಳಿದ್ದ ಝುಮ್ರಿ ತಲೈಯಾ ಎಂಬ ಸಣ್ಣ ಪಟ್ಟಣ (ಅಂದು ಬಿಹಾರ, ಇಂದು ಝಾರ್ಖಂಡ್) ದೇಶಕ್ಕೆಲ್ಲ ಪರಿಚಿತವಾದುದು ಅಲ್ಲಿಂದ ಬರುತ್ತಿದ್ದ ಕೋರಿಕೆಯ ಕಾರ್ಡುಗಳಿಂದ. ಅಂಥದೊಂದು ಊರು ನಿಜವಾಗಿ ಇದೆಯೆಂದು ನಂಬದವರೂ ಇದ್ದರಂತೆ. ಕನ್ನಡದ ಓದುಗರಿಗೆ ಇಲ್ಲಿ ವಚನ, ಕೀರ್ತನೆಗಳ ಅಂಕಿತದ ನೆನಪಾಗುವುದು ಸಹಜ. ಅಂಕಿತವು ರಚಿಸಿದವನ ಮುದ್ರೆ. ಕೋರಿಕೆಯಾದರೋ ಕೇಳಿದವನ ಅಂಕಿತ. ಪರರು ಬರೆದು, ಪರರು ಹಾಡಿದ ಕೃತಿಗೆ ಕೇಳುಗನು ತನ್ನ ಹೆಸರನ್ನು ಕೂಡಿಸುತ್ತಾನೆ. ಗಾಯಕನ ಹೆಸರು ಮತ್ತು ಕೇಳುಗನ ಹೆಸರು ಒಂದೇ ಉಸಿರಿನಲ್ಲಿ ಆಕಾಶಕ್ಕೇರುವ ಆ ಕ್ಷಣದಲ್ಲಿ 'ಅಭಿಮಾನ'ದ ಹಳೆಯ, ಹೊಸ ಅರ್ಥಗಳೆರಡೂ ಸಂಧಿಸುತ್ತವೆ.

3

ರಫಿ ಅವರ ಬಗ್ಗೆ ಅಭಿಮಾನಿಗಳು ಹೇಳುವ ಕಥೆಗಳು ಅಸಂಖ್ಯ. ಅವುಗಳನ್ನು ಒಂದೆಡೆ ಇಟ್ಟು ನೋಡಿದಾಗ ಅವು ಬಿಡಿ ಪ್ರಸಂಗಗಳಲ್ಲ, ಒಂದು ಮಾದರಿಗೆ ಸೇರಿದವು ಎಂಬುದು ಸ್ಪಷ್ಟವಾಗುತ್ತದೆ. ಅಮೃತಸರದ ಬಳಿಯ ಕೋಟ್ಲಾ ಸುಲ್ತಾನ್ ಸಿಂಗ್ ಎಂಬ ಹಳ್ಳಿಯಲ್ಲಿ ಹುಟ್ಟಿದ ಬಾಲಕ, ಬೀದಿಯಲ್ಲಿ ಹಾಡುತ್ತ ಬರುವ ಫಕೀರನ ಬೆನ್ನುಹತ್ತಿ ಅವನ ಹಾಡನ್ನೇ ಹಾಡುತ್ತಾನೆ. ಲಾಹೋರಿನಲ್ಲಿ ಕೆ.ಎಲ್. ಸೈಗಲ್ ಅವರ ಕಾರ್ಯಕ್ರಮದ ದಿನ ವಿದ್ಯುತ್ತು ಕೈಕೊಟ್ಟಾಗ, ಧ್ವನಿವರ್ಧಕವಿಲ್ಲದೆ ಹಾಡಿ ಸಭೆಯನ್ನು ಹಿಡಿದು ನಿಲ್ಲಿಸುತ್ತಾನೆ. 'ಬೈಜು ಬಾವ್ರಾ'ದ ತಾರಸ್ಥಾಯಿಯನ್ನು ಮುಟ್ಟುವಾಗ ಅವನ ಕೊರಳಿನಿಂದ ರಕ್ತ ಬರುತ್ತದೆ. ನೇಣಿಗೆ ಹೋಗುವ ಕೈದಿಯೊಬ್ಬ ಕೊನೆಯ ಆಸೆಯಾಗಿ ಆ ಚಿತ್ರದ ಹಾಡನ್ನು ಕೇಳಬಯಸುತ್ತಾನೆ. ಬಡ ನಿರ್ಮಾಪಕನಿಂದ, ಹೊಸ ಸಂಗೀತ ನಿರ್ದೇಶಕನಿಂದ ಗಾಯಕನು ಒಂದೇ ಒಂದು ರೂಪಾಯಿ ಪಡೆಯುತ್ತಾನೆ. ಕೊನೆಗೆ 1980ರ ಜುಲೈಯಲ್ಲಿ ಲಕ್ಷ್ಮೀಕಾಂತ್–ಪ್ಯಾರೇಲಾಲ್ ಅವರ 'ಆಸ್ ಪಾಸ್' ಚಿತ್ರದ ಧ್ವನಿಮುದ್ರಣ ಮುಗಿಸಿ, ಎಂದೂ ಹಾಗೆ ಹೇಳದವನು ಅಂದು 'ಹೊರಡಲೇ' ಎಂದು ಕೇಳಿ ಹೊರಡುತ್ತಾನೆ.

ಬಾಲ್ಯದ ದೀಕ್ಷೆ, ಸಭೆಯ ಮನ್ನಣೆ, ದೇಹದ ಪರೀಕ್ಷೆ, ದಯೆ, ನಿಸ್ಪೃಹತೆ, ಅಂತ್ಯದ ಮುನ್ನರಿವು: ಇವು ಸಂತಚರಿತ್ರೆಯ ಘಟಕಗಳು. ಶರಣರ ಪುರಾಣಗಳನ್ನೂ ದಾಸರ ಕುರಿತ ಐತಿಹ್ಯಗಳನ್ನೂ ಓದಿದವರಿಗೆ ಇವು ಹೊಸವಲ್ಲ. ಈ ಕಥೆಗಳು ಸತ್ಯವೋ ಸುಳ್ಳೋ ಎಂಬ ವಿಚಾರಣೆಗಿಂತ ಅವು ಏನನ್ನು ಮಾಡುತ್ತವೆ ಎಂಬ ವಿಚಾರ ಹೆಚ್ಚು ಫಲಕಾರಿ. ಹರಿಹರನ ರಗಳೆಗಳೊಂದಿಗೆ ಹೋಲಿಸಿದಾಗ ಒಂದು ಮಹತ್ವದ ಭೇದ ಕಾಣುತ್ತದೆ. ಕುಂಬಾರ ಗುಂಡಯ್ಯನು ಮಡಕೆಯನ್ನು ತಟ್ಟುವ ತಾಳಕ್ಕೆ ಶಿವನೇ ಬಂದು ಕುಣಿಯುತ್ತಾನೆ. ಹರಿಹರನಲ್ಲಿ ಪವಾಡವು ಕಾಯಕದ ಒಳಗೆ, ಕೈಗೆ ಹತ್ತಿದ ಮಣ್ಣಿನಲ್ಲಿ ಘಟಿಸುತ್ತದೆ. ರಫಿ ಕಥನದಲ್ಲಿ ಕೊರಳ ರಕ್ತದ ಪ್ರಸಂಗವೊಂದನ್ನು ಬಿಟ್ಟರೆ ಪವಾಡಗಳೆಲ್ಲ ಸ್ಟುಡಿಯೊದ ಹೊರಗೆ ನಡೆಯುತ್ತವೆ. ಅವರು ಹೇಗೆ ಹಾಡಿದರು ಎಂಬುದಕ್ಕಿಂತ ಎಷ್ಟು ಮೆಲುದನಿಯಲ್ಲಿ ಮಾತನಾಡಿದರು, ಎಷ್ಟು ಕೊಟ್ಟರು, ಏನನ್ನು ಕೇಳಲಿಲ್ಲ ಎಂಬುದೇ ಕಥೆಯ ತಿರುಳು.

ಇದರ ಪರಿಣಾಮ ಅತ್ಯಂತ ಸ್ಪಷ್ಟವಾಗಿ ಕಾಣುವುದು ಗೌರವಧನದ ವಿವಾದದಲ್ಲಿ. 1960ರ ದಶಕದ ಆರಂಭದಲ್ಲಿ ಲತಾ ಮಂಗೇಶ್ಕರ್ ಅವರು ಧ್ವನಿಮುದ್ರಿಕೆಗಳ ಮಾರಾಟದಿಂದ ಬರುವ ಗೌರವಧನದಲ್ಲಿ ಗಾಯಕರಿಗೂ ಪಾಲಿರಬೇಕೆಂದು ಕೇಳಿದರು. ಹಾಡಿದ್ದಕ್ಕೆ ಒಪ್ಪಿದ ಹಣ ಸಂದ ಮೇಲೆ ಗಾಯಕನ ಹಕ್ಕು ಮುಗಿಯಿತೆಂಬುದು ರಫಿ ಅವರ ನಿಲುವು. ಕೆಲವು ವರ್ಷ ಇಬ್ಬರೂ ಜೊತೆಯಾಗಿ ಹಾಡಲಿಲ್ಲ. ಅಭಿಮಾನಿಗಳ ಕಥನದಲ್ಲಿ ಇದು ನಿಸ್ಪೃಹ ಸಂತ ಮತ್ತು ಲೆಕ್ಕಾಚಾರದ ಗಾಯಕಿಯರ ನಡುವಣ ಘಟನೆಯಾಗಿ ರೂಪಾಂತರ ಹೊಂದಿದೆ. ವಾಸ್ತವದಲ್ಲಿ ಅಲ್ಲಿದ್ದುದು ದುಡಿಮೆಯ ಹಕ್ಕಿನ ಪ್ರಶ್ನೆ. ಹೆಸರಾಂತ ಗಾಯಕನಿಗೆ ಬಿಟ್ಟುಕೊಡುವುದು ಔದಾರ್ಯವೆನಿಸಬಹುದು. ಎರಡು ಮೂರು ಹಾಡುಗಳನ್ನಷ್ಟೇ ಹಾಡಿ ಮರೆಗೆ ಸರಿದವರಿಗೆ ಆ ಪಾಲು ಜೀವನಾಧಾರವಾಗಬಲ್ಲದು. ಗಾಯಕರಿಗೆ ಗೌರವಧನದ ಹಕ್ಕನ್ನು ಕಾನೂನು ಕೊಟ್ಟಿದ್ದು 2012ರ ಕೃತಿಸ್ವಾಮ್ಯ ತಿದ್ದುಪಡಿಯಲ್ಲಿ, ವಿವಾದ ಹುಟ್ಟಿ ಅರ್ಧ ಶತಮಾನ ಕಳೆದ ಮೇಲೆ. ಈ ವಿಷಯದಲ್ಲಿ ಅಭಿಮಾನಿಗಳ ತೀರ್ಪನ್ನು ಒಪ್ಪುವುದು ಕಷ್ಟ. ರಫಿ ಅವರ ಸ್ವಭಾವದ ಸೌಮ್ಯತೆ ಒಂದು ವಿಷಯ, ಅವರ ನಿಲುವಿನ ಸಾಧುತ್ವ ಇನ್ನೊಂದು.

ಇಂಥದೇ ಇನ್ನೊಂದು ರೂಪಾಂತರವು ಧರ್ಮಕ್ಕೆ ಸಂಬಂಧಿಸಿದ್ದು. 'ಬೈಜು ಬಾವ್ರಾ'ದ ಪ್ರಸಿದ್ಧ ಭಜನೆಯನ್ನು ಬರೆದವರು ಶಕೀಲ್ ಬದಾಯೂನಿ, ರಾಗ ಕೂಡಿಸಿದವರು ನೌಷಾದ್, ಹಾಡಿದವರು ರಫಿ. ಮೂವರೂ ಮುಸ್ಲಿಮರು ಎಂಬ ಮಾತನ್ನು ಇಂದು ಪ್ರತಿಯೊಂದು ರಫಿ ಸ್ಮರಣೆಯ ಸಭೆಯಲ್ಲೂ ಕೇಳಬಹುದು. ಮಾತು ನಿಜ, ಹೇಳುವವರ ಆಶಯವೂ ಒಳ್ಳೆಯದು. ಆದರೆ ಅದು ಬೆರಗಿನ ಧಾಟಿಯಲ್ಲಿ ಹೇಳಬೇಕಾದ ಮಾತಾಗಿರುವುದು ಯಾವಾಗಿನಿಂದ? ಬೊಂಬಾಯಿಯ ಸ್ಟುಡಿಯೊಗಳಲ್ಲಿ ಅದು ದಿನನಿತ್ಯದ ಕೆಲಸವಾಗಿತ್ತು. 1948ರಲ್ಲಿ ಗಾಂಧೀಜಿಯವರ ಹತ್ಯೆಯ ಬಳಿಕ ರಾಜಿಂದರ್ ಕೃಷ್ಣ ಬರೆದ, ಹುಸ್ನ್‌ಲಾಲ್–ಭಗತ್‌ರಾಮ್ ಸಂಗೀತದ ನೀಳ್ಗೀತೆಯನ್ನು ದೇಶ ಕೇಳಿದ್ದು ಇದೇ ರಫಿ ಅವರ ಕಂಠದಲ್ಲಿ. ದೇಶವಿಭಜನೆಯ ಗಾಯ ಹಸಿಯಾಗಿದ್ದ ದಿನಗಳಲ್ಲಿ, ಪಂಜಾಬಿನಿಂದ ಬಂದ ಮುಸ್ಲಿಂ ತರುಣನೊಬ್ಬ ರಾಷ್ಟ್ರದ ಶೋಕಕ್ಕೆ ಧ್ವನಿಯಾದುದು ಸಣ್ಣ ಸಂಗತಿಯಲ್ಲ. ಅಂದು ಸಹಜವಾಗಿದ್ದುದು ಇಂದು ಪವಾಡವೆನಿಸುತ್ತಿದ್ದರೆ ಅದು ಗಾಯಕನ ಕುರಿತು ಹೇಳುವುದಕ್ಕಿಂತ ಹೆಚ್ಚಾಗಿ ಕೇಳುಗರ ಕಾಲದ ಕುರಿತು ಹೇಳುತ್ತದೆ.

ಕಥನ ಮರೆಮಾಡಿದ ದುಡಿಮೆಯನ್ನು ಅಭಿಮಾನಿಯ ಕಿವಿ ಮಾತ್ರ ಮರೆಯುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಅಂದಿನ ಧ್ವನಿಮುದ್ರಣದಲ್ಲಿ ಗಾಯಕ ಮತ್ತು ವಾದ್ಯವೃಂದ ಒಟ್ಟಿಗೆ, ಒಂದೇ ಓಟದಲ್ಲಿ ಹಾಡಿ ನುಡಿಸಬೇಕಿತ್ತು. ಯಾರೊಬ್ಬರು ತಪ್ಪಿದರೂ ಎಲ್ಲರೂ ಮೊದಲಿನಿಂದ ಆರಂಭಿಸಬೇಕಿತ್ತು. ಅದರ ಜೊತೆಗೆ ತೆರೆಯ ಮೇಲಿನ ನಟನಿಗೆ ತಕ್ಕಂತೆ ಕಂಠವನ್ನು ಹದಗೊಳಿಸುವ ಹೊಣೆ. ಶಮ್ಮಿ ಕಪೂರ್ ಅವರಿಗೆ ಹಾಡಿದಾಗ ಪದದ ಕೊನೆಯಲ್ಲಿ ಪುಟಿಯುವ ಉಸಿರು, ಜಾನಿ ವಾಕರ್ ಅವರಿಗೆ ಹಾಡಿದಾಗ ಮೂಗಿನತ್ತ ವಾಲುವ ತುಂಟತನ, ದಿಲೀಪ್ ಕುಮಾರ್ ಅವರಿಗೆ ಹಾಡಿದಾಗ ತಗ್ಗುವ ಗತಿ: ಇವನ್ನು ನಿಷ್ಠಾವಂತ ಕೇಳುಗರು ಚಿತ್ರವನ್ನು ನೋಡದೆಯೇ ಗುರುತಿಸುತ್ತಾರೆ. ಪಾಠಾಂತರಗಳನ್ನು ಬೇರ್ಪಡಿಸುವ ಸಂಪಾದಕನ ಎಚ್ಚರಕ್ಕೂ ಈ ಎಚ್ಚರಕ್ಕೂ ಹೆಚ್ಚಿನ ದೂರವಿಲ್ಲ. ರಫಿ ಅವರು ತೀರಿಕೊಂಡಾಗ ತಾವು ವೃಂದಾವನದಲ್ಲಿದ್ದುದಾಗಿಯೂ, ನಿಮ್ಮ ಧ್ವನಿ ಹೋಯಿತೆಂದು ಅಪರಿಚಿತ ತರುಣನೊಬ್ಬ ಕೂಗಿ ಹೇಳಿದಾಗಲೇ ತಮಗೆ ಸುದ್ದಿ ತಿಳಿದುದಾಗಿಯೂ ಶಮ್ಮಿ ಕಪೂರ್ ನೆನೆದಿದ್ದಾರೆ. ದೇಹ ಒಬ್ಬರದು, ಧ್ವನಿ ಇನ್ನೊಬ್ಬರದು ಎಂಬ ಏರ್ಪಾಡನ್ನು ಆ ತರುಣನು ನಟನಿಗಿಂತ ಚೆನ್ನಾಗಿ ಬಲ್ಲವನಾಗಿದ್ದ.

4

ಸ್ತುತಿ ಅಂಕಿಗಳನ್ನು ಬಯಸುತ್ತದೆ. 1974ರ ಗಿನ್ನೆಸ್ ದಾಖಲೆ ಪುಸ್ತಕವು ಲತಾ ಮಂಗೇಶ್ಕರ್ ಅವರು 1948ರಿಂದ ಆ ವರ್ಷದವರೆಗೆ 20 ಭಾಷೆಗಳಲ್ಲಿ ಕನಿಷ್ಠ 25,000 ಹಾಡುಗಳನ್ನು ಹಾಡಿದ್ದಾರೆಂದು ದಾಖಲಿಸಿತು. ರಫಿ ಅವರು ಪತ್ರ ಬರೆದು ಇದನ್ನು ಪ್ರಶ್ನಿಸಿದರು. ಮುಂದೆ 1984ರ ಆವೃತ್ತಿಯಲ್ಲಿ ಲತಾ ಅವರ ಹೆಸರಿನೊಂದಿಗೆ, ರಫಿ 28,000 ಹಾಡುಗಳನ್ನು ಹಾಡಿರುವುದಾಗಿ ಹೇಳಿಕೊಂಡಿದ್ದರೆಂಬ ಮಾತೂ ಸೇರಿತು. 1991ರಲ್ಲಿ ಎರಡನ್ನೂ ಕೈಬಿಡಲಾಯಿತು. ಇಪ್ಪತ್ತಾರು ವರ್ಷಗಳಲ್ಲಿ 25,000 ಎಂದರೆ ಒಂದು ದಿನವೂ ಬಿಡುವಿಲ್ಲದೆ ದಿನಕ್ಕೆ ಎರಡೂವರೆಗಿಂತ ಹೆಚ್ಚು ಹಾಡುಗಳು. ಆ ಕಾಲದಲ್ಲಿ ವರ್ಷಕ್ಕೆ ತಯಾರಾಗುತ್ತಿದ್ದ ಹಿಂದಿ ಚಿತ್ರಗಳು ನೂರು, ನೂರಿಪ್ಪತ್ತರ ಆಸುಪಾಸು. ಚಿತ್ರಕ್ಕೆ ಎಂಟು ಹಾಡುಗಳೆಂದು ಹಿಡಿದರೂ ಎಲ್ಲ ಗಾಯಕರೂ ಸೇರಿ ಹಾಡಿದ್ದು ಸಾವಿರವನ್ನು ಮುಟ್ಟುವುದಿಲ್ಲ. ಉಳಿದ ಭಾಷೆಗಳನ್ನು ಸೇರಿಸಿದರೂ ಲೆಕ್ಕ ಕೂಡಿಬರದು. ಇಷ್ಟು ಸರಳವಾದ ಭಾಗಾಕಾರವನ್ನು ಬಹುಕಾಲ ಯಾರೂ ಮಾಡದಿದ್ದುದೇ ಸ್ವಾರಸ್ಯ.

ಶಾಸನಗಳ ಓದುಗರಿಗೆ ಇಂಥ ಅಂಕಿಗಳು ಪರಿಚಿತ. ಗಂಗವಾಡಿ ತೊಂಬತ್ತಾರು ಸಾವಿರ, ಬನವಾಸಿ ಪನ್ನಿರ್ಚ್ಛಾಸಿರ, ನೊಳಂಬವಾಡಿ ಮೂವತ್ತೆರಡು ಸಾವಿರ ಎಂಬಲ್ಲಿನ ಸಂಖ್ಯೆ ಗ್ರಾಮಗಳದೋ ಆದಾಯದ್ದೋ ಎಂಬ ಚರ್ಚೆ ದೀರ್ಘವಾದುದು. ಶರಣ ಪರಂಪರೆಯ ಒಂದು ಲಕ್ಷದ ತೊಂಬತ್ತಾರು ಸಾವಿರ ಗಣಂಗಳ ಎಣಿಕೆಯನ್ನು ಯಾರೂ ಜನಗಣತಿಯೆಂದು ಓದುವುದಿಲ್ಲ. ಅವು ಘನತೆಯ ಸಂಖ್ಯೆಗಳು. ರಫಿ ಅಭಿಮಾನಿಗಳು ಇಂದಿಗೂ ಹೇಳುವ ಇಪ್ಪತ್ತಾರು ಸಾವಿರವೂ ಆ ಜಾತಿಯದೇ. ವ್ಯತ್ಯಾಸವಿಷ್ಟೆ: ಶಾಸನದ ಸಂಖ್ಯೆಗೆ ಪ್ರತಿಸ್ಪರ್ಧಿಯ ಸಂಖ್ಯೆಯನ್ನು ಮೀರಿಸುವ ಹಟವಿರಲಿಲ್ಲ.

ಈ ಉತ್ಪ್ರೇಕ್ಷೆಯನ್ನು ಒಡೆದವರು ವಿಶ್ವವಿದ್ಯಾನಿಲಯದವರಲ್ಲ, ಅಭಿಮಾನಿಗಳೇ. ಕಾನ್ಪುರದ ಹರ್‌ಮಂದಿರ್ ಸಿಂಗ್ 'ಹಮ್‌ರಾಜ್' ಅವರು ರೇಡಿಯೊ ಶ್ರೋತೃಗಳ ಬಳಗದಿಂದ ಬಂದವರು. ಅವರು ಸಂಪಾದಿಸಿದ 'ಹಿಂದಿ ಫಿಲ್ಮ್ ಗೀತ್ ಕೋಶ್' ದಶಕಕ್ಕೊಂದು ಸಂಪುಟದಂತೆ 1931ರಿಂದ 1980ರವರೆಗಿನ ಹಿಂದಿ ಚಿತ್ರಗಳನ್ನು ವರ್ಷಾನುಕ್ರಮದಲ್ಲಿ ಒಳಗೊಂಡಿದೆ. ಪ್ರತಿ ಚಿತ್ರದ ಕೆಳಗೂ ಹಾಡುಗಳ ಮೊದಲ ಸಾಲು, ಗಾಯಕರು, ಗೀತಕಾರರು, ಧ್ವನಿಮುದ್ರಿಕೆಯ ವಿವರ. ಮೊದಲು ಪ್ರಕಟವಾದುದು 1951–60ರ ಸಂಪುಟ, 1980ರಲ್ಲಿ. ರಫಿ ಅವರು ತೀರಿಕೊಂಡ ವರ್ಷವೂ ಅದೇ. ಆಧಾರಗಳೆಂದರೆ ಚಿತ್ರಮಂದಿರಗಳಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಿಕೆಗಳು, ಗ್ರಾಮಫೋನ್ ಕಂಪನಿಯ ಪಟ್ಟಿಗಳು, ಊರೂರುಗಳ ಸಂಗ್ರಾಹಕರ ನೆರವು. ಇಂಥ ಸೂಚಿಗಳ ಬಲದಿಂದ ಎಣಿಸಿದಾಗ ಲತಾ ಮತ್ತು ರಫಿ ಇಬ್ಬರ ಹಿಂದಿ ಚಿತ್ರಗೀತೆಗಳೂ ಐದು ಸಾವಿರದ ಆಸುಪಾಸಿಗೆ ಬಂದು ನಿಂತವು.

ಇಪ್ಪತ್ತಾರು ಸಾವಿರದಿಂದ ಐದು ಸಾವಿರಕ್ಕೆ ಇಳಿದುದನ್ನು ಅಭಿಮಾನದ ಸೋಲೆಂದು ಭಾವಿಸಿದವರೂ ಇದ್ದಾರೆ. ಆದರೆ ಐದು ಸಾವಿರ ಹಾಡುಗಳನ್ನು ಒಬ್ಬ ಮನುಷ್ಯ ನಿಜವಾಗಿ ಹಾಡಿದ್ದಾನೆ, ಯಾವುದನ್ನು ಯಾವ ವರ್ಷ, ಯಾರೊಂದಿಗೆ ಎಂಬುದನ್ನು ತೋರಿಸಬಹುದಾಗಿದೆ. ಇಪ್ಪತ್ತಾರು ಸಾವಿರದಲ್ಲಿ ಒಂದು ಹಾಡೂ ಕಾಣುವುದಿಲ್ಲ. ಬಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿ ಅವರು ಮನೆಮನೆಯ ಓಲೆಗರಿಗಳನ್ನು ಹುಡುಕಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದುದನ್ನು ಇಲ್ಲಿ ನೆನೆಯುವುದು ಅನುಚಿತವಲ್ಲ. ವಸ್ತುಗಳು ಬೇರೆ, ಅವುಗಳ ತೂಕವೂ ಬೇರೆ. ಆದರೆ ವೃತ್ತಿಯ ಒತ್ತಾಯವಿಲ್ಲದೆ, ಪ್ರೀತಿಯಿಂದಲೇ ಶಿಸ್ತನ್ನು ಕಲಿತ ಸಂಗ್ರಾಹಕರ ಕುಲ ಒಂದೇ. ಜನಪ್ರಿಯ ಸಂಸ್ಕೃತಿಯ ಅಧ್ಯಯನವು ಅಭಿಮಾನಿಯನ್ನು ಸಿದ್ಧಾಂತದ ನಿದರ್ಶನವಾಗಿ ಬಳಸಿಕೊಂಡಷ್ಟು, ಆಕರಗಳ ಸಂಪಾದಕನಾಗಿ ಮನ್ನಿಸಿಲ್ಲ.

ಹಿಂದಿಗೆ ಮೀಸಲಾದ ಕೋಶದಲ್ಲಿ ರಫಿ ಅವರ ಅನ್ಯಭಾಷಾ ಗೀತೆಗಳಿಗೆ ಎಡೆಯಿಲ್ಲ. 1967ರ 'ಒಂದೇ ಬಳ್ಳಿಯ ಹೂಗಳು' ಚಿತ್ರಕ್ಕೆ ಸತ್ಯಂ ಅವರ ಸಂಗೀತದಲ್ಲಿ ಅವರು ಹಾಡಿದ ಹಾಡನ್ನು ಕನ್ನಡದ ಕೇಳುಗರು ಇಂದಿಗೂ ಅಕ್ಕರೆಯಿಂದ ಕೇಳುತ್ತಾರೆ. ಉಚ್ಚಾರಣೆಯಲ್ಲಿ ಹೊರಗಿನವನ ಜಾಡು ಇದೆ. ಪಿ.ಬಿ. ಶ್ರೀನಿವಾಸ್ ಅವರ ಕನ್ನಡಕ್ಕೆ ಒಗ್ಗಿದ ಕಿವಿ ಅದನ್ನು ಕೂಡಲೇ ಗುರುತಿಸುತ್ತದೆ, ಗುರುತಿಸಿಯೂ ಮನ್ನಿಸುತ್ತದೆ.

5

ರಫಿ ಅವರು 1980ರ ಜುಲೈ 31ರ ರಾತ್ರಿ ಹೃದಯಾಘಾತದಿಂದ ಬೊಂಬಾಯಿಯಲ್ಲಿ ನಿಧನರಾದರು. ರಂಜಾನ್ ತಿಂಗಳು. ಮರುದಿನ ಸುರಿವ ಮಳೆಯಲ್ಲಿ ಸಾವಿರಾರು ಜನ ಶವಯಾತ್ರೆಯ ಜೊತೆ ನಡೆದರು. ಆನಂತರದ ದಶಕಗಳಲ್ಲಿ ಅಭಿಮಾನವು ಅನುಕರಣೆಯ ರೂಪವನ್ನೂ ತಾಳಿತು. ಶಬ್ಬೀರ್ ಕುಮಾರ್, ಮೊಹಮ್ಮದ್ ಅಜೀಜ್ ಮೊದಲಾದವರು ಆ ಧ್ವನಿಯ ನೆರಳಿನಲ್ಲೇ ಚಿತ್ರರಂಗ ಪ್ರವೇಶಿಸಿದರು. ಸೋನು ನಿಗಮ್ ಅವರು ಮೊದಲು ಪರಿಚಿತರಾದುದೂ ರಫಿ ಗೀತೆಗಳ ಮರುಗಾಯನದ ಧ್ವನಿಸುರುಳಿಗಳಿಂದ. ಕೇರಳದ ಕೋಳಿಕ್ಕೋಡಿನಲ್ಲಿ ಅವರ ಪುಣ್ಯತಿಥಿಯಂದು ನಡೆಯುವ ಗಾಯನ ಸಂಜೆಗಳು ಆ ಊರಿನ ಸಾಂಸ್ಕೃತಿಕ ಬದುಕಿನ ಅಂಗವಾಗಿವೆ. ಹಾಡುವವರ ಮನೆಮಾತು ಹಿಂದಿಯೂ ಅಲ್ಲ, ಉರ್ದುವೂ ಅಲ್ಲ. 2017ರಲ್ಲಿ ಸಾರೆಗಾಮಾ ಕಂಪನಿಯು ಐದು ಸಾವಿರ ಹಳೆಯ ಹಾಡುಗಳನ್ನು ತುಂಬಿದ 'ಕಾರ್ವಾನ್' ಎಂಬ ಪೆಟ್ಟಿಗೆಯನ್ನು ಹಳೆಯ ರೇಡಿಯೊದ ಆಕಾರದಲ್ಲಿಯೇ ಮಾರಾಟಕ್ಕೆ ತಂದಿತು. ಗುಂಡಿ ತಿರುಗಿಸಿ ಗಾಯಕನ ಹೆಸರಿಗೆ ತಂದರೆ ಅವರ ಹಾಡುಗಳು ಒಂದರ ಹಿಂದೊಂದು ಬರುತ್ತವೆ. ತಟ್ಟೆಯ ಮೇಲೆ ಒಮ್ಮೆ ಇಲ್ಲದೇ ಹೋಗಿದ್ದ ಹೆಸರು ಈಗ ಯಂತ್ರದ ಕೀಲಿಯಾಗಿದೆ. 2024ರಲ್ಲಿ ಗೋವಾದ ಅಂತಾರಾಷ್ಟ್ರೀಯ ಚಿತ್ರೋತ್ಸವವು ರಾಜ್ ಕಪೂರ್, ತಪನ್ ಸಿನ್ಹಾ, ಅಕ್ಕಿನೇನಿ ನಾಗೇಶ್ವರರಾವ್ ಅವರೊಂದಿಗೆ ರಫಿ ಅವರ ಶತಮಾನೋತ್ಸವವನ್ನೂ ಆಚರಿಸಿತು.

ಅವರನ್ನು ಮಣ್ಣುಮಾಡಿದ್ದು ಜುಹೂ ಬಳಿಯ ಮುಸ್ಲಿಂ ಸ್ಮಶಾನದಲ್ಲಿ. ಸ್ಥಳದ ಅಭಾವದಿಂದ, ಹೊಸ ಶವಸಂಸ್ಕಾರಗಳಿಗೆ ಎಡೆಮಾಡುವ ಸಲುವಾಗಿ 2010ರಲ್ಲಿ ಅಲ್ಲಿನ ಹಳೆಯ ಗೋರಿಗಳನ್ನು ತೆಗೆಯಲಾಯಿತು. ಮಧುಬಾಲಾ, ನೌಷಾದ್, ತಲತ್ ಮಹಮೂದ್, ಸಾಹಿರ್ ಲುಧಿಯಾನ್ವಿ ಅವರ ಗೋರಿಗಳೊಂದಿಗೆ ರಫಿ ಅವರ ಗೋರಿಯೂ ಹೋಯಿತು. ಇದ್ದವರಿಗೇ ಜಾಗವಿಲ್ಲದ ನಗರದಲ್ಲಿ, ಗೋರಿಯ ಗುರುತಿಗೆ ಹೆಚ್ಚಿನ ಬೆಲೆ ಕೊಡದ ಸಂಪ್ರದಾಯದಲ್ಲಿ, ಈ ಕ್ರಮವನ್ನು ಅಪಚಾರವೆನ್ನಲಾಗದು. ಡಿಸೆಂಬರ್ 24ರಂದೂ ಜುಲೈ 31ರಂದೂ ಅಲ್ಲಿಗೆ ಬರುವ ಅಭಿಮಾನಿಗಳು ಗೋರಿಯಿದ್ದ ಸ್ಥಳಕ್ಕೆ ಅತಿ ಸಮೀಪದಲ್ಲಿರುವ ತೆಂಗಿನ ಮರವೊಂದನ್ನು ಗುರುತಾಗಿ ಇಟ್ಟುಕೊಂಡು ಅದರ ಬಳಿ ಪ್ರಾರ್ಥನೆ ಸಲ್ಲಿಸುತ್ತಾರೆ.